ಮೂರು ಉದ್ದದ ಹಾರ್ನ್

ನಾನೀಗ ಇರುವುದು ಕಾರ್ಕಳದಲ್ಲಿ, ಬಜಗೋಳಿಗೆ ಹೋಗುವ ರಸ್ತೆಯ ಬದಿಯ ಮನೆಯಲ್ಲಿ. ಕಲ್ಲು ಹೇರಿಕೊಂಡ ಹಳೆಯ ಲಾರಿಯೊಂದು ದಿನಾ ಬೆಳಿಗ್ಗೆ ನಮ್ಮ ತಿರುವಿನಲ್ಲಿ ಹಾರ್ನ್ ಹಾಕುತ್ತದೆ. ಶೀತ ಹಿಡಿದ ಗಂಟಲಿನಂಥ ಒರಟು ಸ್ವರ. ಕೈಯಲ್ಲಿದ್ದ ಸೌಟು ಹಾಗೇ ನಿಲ್ಲುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಕಾಯುತ್ತೇನೆ. ಲಾರಿಗೆ ಅದೆಲ್ಲ ಯಾಕೆ ಬೇಕು, ಒಂದೇ ಸಲ ಕೂಗಿ ಹೊರಟುಹೋಗುತ್ತದೆ. ಅಷ್ಟರಲ್ಲಿ ಡೀಸೆಲ್ಲು, ನೀರಿನಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆ, ಇಳಿತದ ಕೆಸರು ಮೂರೂ ಸೇರಿದ ವಾಸನೆ ನನ್ನ ಮೂಗಿಗೆ ಬಂದಾಗಿರುತ್ತದೆ. ಅದು ನಮ್ಮ ಕುದ್ರುವಿನ ವಾಸನೆ. ಹೊಳೆಯ ನಡುವಿನ ಆ ತುಂಡು ನೆಲದಲ್ಲೇ ನಾನು ಹುಟ್ಟಿ ಬೆಳೆದದ್ದು.

ಉಡುಪಿಗೂ ಕಾಪುವಿಗೂ ನಡುವೆ, ಸಮುದ್ರ ಸೇರುವ ಮೊದಲು ಹೊಳೆ ಮೈಬಿಟ್ಟು ಅಗಲವಾಗುವ ಕಡೆ ಆ ಕುದ್ರು ಇತ್ತು. ಯಾವ ದಿಕ್ಕಿಗೆ ಓಡಿದರೂ ಐದು ನಿಮಿಷದಲ್ಲಿ ನೀರು ಸಿಗುತ್ತಿತ್ತು. ಆಟದಲ್ಲಿ ಕೂಡ ನಾವು ದೂರ ಓಡಿದವರಲ್ಲ. ಅಜ್ಜನ ಕಾಲದಲ್ಲಿ ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹೊಡೆದು, ಬಿದಿರಿನ ಗಳು ಊರಿ ಜನರನ್ನು ದಾಟಿಸುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಎಂಜಿನ್ನಿನ ಕಬ್ಬಿಣದ ಬಾರ್ಜು ಬಂತು. ಎರಡು ಕಾರು, ಇಲ್ಲವೇ ಒಂದು ಟೆಂಪೊ, ಸಂದಿಗೊಂದಿಯಲ್ಲಿ ಬೈಕುಗಳು, ಅಂಚಿನಲ್ಲಿ ಜನ. ಊರಿನ ಮೊದಲ ಗ್ಯಾಸ್ ಸಿಲಿಂಡರ್ ಬಂದದ್ದು ಅದರ ಮೇಲೆ, ಮದುಮಗಳ ಹೂವಿನ ಕಾರು ಹೋದದ್ದು ಅದರ ಮೇಲೆ. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮನನ್ನು ಆಸ್ಪತ್ರೆಯಿಂದ ಬಿಳಿ ಬಟ್ಟೆ ಸುತ್ತಿ ತಂದ ಆಂಬುಲೆನ್ಸನ್ನೂ ಅಪ್ಪನೇ ದಾಟಿಸಿದರು. ದಿನಕ್ಕೆ ಇಪ್ಪತ್ತು ಸಲ ಹೊಳೆ ದಾಟುತ್ತಿದ್ದ ಅಪ್ಪ, ಆಚೆ ದಡದ ಗೂಡಂಗಡಿಯಲ್ಲಿ ಚಾ ಕುಡಿದು ತಿರುಗುತ್ತಿದ್ದರು. ಅದರಿಂದ ಮುಂದೆ ಹೋದದ್ದನ್ನು ನಾನು ಕಂಡದ್ದು ಕಡಿಮೆ.

ಬಾರ್ಜಿನ ಹಾರ್ನನ್ನು ಅವರು ಕಾರ್ಕಳದ ಗುಜರಿಯಿಂದ ತಂದು ತಾವೇ ಕೂರಿಸಿದ್ದರು. ಅದಕ್ಕೊಂದು ಕಟ್ಟಳೆ ಇತ್ತು. ದಡ ಮುಟ್ಟುವಾಗ ಒಂದು ಗಿಡ್ಡ ಹಾರ್ನ್. ಹೊಳೆಯ ನಡುವಿನ ಮರಳದಿಬ್ಬದ ಮೇಲೆ ಬಾರ್ಜು ಕೂತುಬಿಟ್ಟರೆ ಮೂರು ಉದ್ದದ ಹಾರ್ನ್. ಅದು ಕೇಳಿದ ಕೂಡಲೇ ದಡದಲ್ಲಿದ್ದವರು ಕೈಕೆಲಸ ಬಿಟ್ಟು ದೋಣಿ ತಂದು, ತುರ್ತು ಇದ್ದವರನ್ನು ಇಳಿಸಿಕೊಂಡು ಹೋಗಬೇಕು. ಉಳಿದವರು ನೀರು ಏರುವವರೆಗೆ ಕೂತಿರಬೇಕು.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅಪ್ಪನ ತಂಗಿ ಸುಮತಿ, ನನ್ನ ಮಾಮಿ. ಆಗಿನ್ನೂ ಇಪ್ಪತ್ತರ ಆಸುಪಾಸು. ನನಗೆ ಜಡೆ ಹಾಕುವಾಗ ಕೂದಲನ್ನು ಎಷ್ಟು ಬಿಗಿ ಎಳೆಯುತ್ತಿದ್ದರೆಂದರೆ ಹುಬ್ಬು ಮೇಲೇರುತ್ತಿತ್ತು. ಸಂಜೆ ಅಂಗಳದಲ್ಲಿ ನಿಂತರೆ ದೂರದ ಗುಡ್ಡದ ಮೇಲೆ ಮಣಿಪಾಲದ ದೀಪಗಳು ಕಾಣುತ್ತಿದ್ದವು. ಬಟ್ಟೆ ತೆಗೆಯುವ ನೆಪದಲ್ಲಿ ಮಾಮಿ ಅಲ್ಲೇ ನಿಂತುಬಿಡುತ್ತಿದ್ದರು. ಅಲ್ಲಿಯ ಆಸ್ಪತ್ರೆಯೊಂದಕ್ಕೆ ನರ್ಸಿಂಗ್ ತರಬೇತಿಗೆಂದು ಅರ್ಜಿ ಹಾಕಿದ್ದರು. ಒಂದು ದಿನ ಕಾಗದ ಬಂತು: ಸಂದರ್ಶನಕ್ಕೆ ಬೆಳಿಗ್ಗೆ ಹತ್ತಕ್ಕೆ ಹಾಜರಿರಬೇಕು, ಆಯ್ಕೆಯಾದರೆ ಹಾಸ್ಟೆಲಿನಲ್ಲೇ ವಾಸ. ಅಪ್ಪ ಕಾಗದವನ್ನು ಎರಡು ಸಲ ಓದಿ, "ಒಳ್ಳೆಯದಾಯಿತು" ಎಂದು ಮಡಚಿ ಕೊಟ್ಟರು. ಮಾಮಿ ಹೋದರೆ ನನಗೆ ಯಾರು ಎಂದು ನಾನು ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಮಾಮಿ ಹೋಗದ ಹಾಗೆ ಮಾಡು ದೇವರೇ ಎಂದು ನಾನು ಮಾತ್ರ ಎರಡು ದಿನ ಕೈಮುಗಿದೆ.

ಸಂದರ್ಶನದ ದಿನ ಪಂಚಮಿ. ತಿಥಿ ನೋಡಿ ಭರತ ಇಳಿತ ಹೇಳುವುದು ನಮ್ಮಲ್ಲಿ ಮಕ್ಕಳಿಗೂ ಬರುತ್ತಿತ್ತು. ಒಂಬತ್ತರ ಹೊತ್ತಿಗೆ ನೀರು ಪೂರ್ತಿ ಇಳಿಯುತ್ತದೆ, ಅಂಥ ಬೆಳಿಗ್ಗೆ ಬಾರ್ಜು ದಿಬ್ಬವನ್ನು ಬಳಸಿ ಹೋಗಬೇಕು. ಮಾಮಿ ನೀಲಿ ಸೀರೆ ಉಟ್ಟಿದ್ದರು. ಅವರನ್ನು ಬಿಟ್ಟುಬರಲು ನಾನೂ ಹತ್ತಿದ್ದೆ. ನಮ್ಮನ್ನು ಬಿಟ್ಟರೆ ಮರುವಾಯಿ ಚಿಪ್ಪಿನ ಬುಟ್ಟಿ ಹೊತ್ತ ಗಂಗಕ್ಕ. ವಾಹನ ಒಂದೂ ಇರಲಿಲ್ಲ. ಏಳೂವರೆಗೆ ಹೊರಟ ಬಾರ್ಜು ನೇರ ಹೋಯಿತು.

"ಅಣ್ಣ, ಬಳಸಿ ಹೋಗುವುದಿಲ್ವಾ?" ಎಂದರು ಮಾಮಿ.

"ನೀರು ಉಂಟು."

ಅಡಿಯಲ್ಲಿ ಕರಕರ ಎಂದಿತು. ಬಾರ್ಜು ಒಮ್ಮೆ ಮುಗ್ಗರಿಸಿ ನಿಂತಿತು. ಇಷ್ಟು ವರ್ಷಗಳ ಮೇಲೂ ಬರೆಯಲು ನಾಚಿಕೆಯಾಗುತ್ತದೆ, ನನಗೆ ಖುಷಿಯಾಯಿತು.

"ಹಾರ್ನ್ ಹಾಕಿ ಅಣ್ಣ, ದೋಣಿ ಬರಲಿ."

"ಹಾರ್ನ್ ಬರುವುದಿಲ್ಲ. ವಯರ್ ಹೋಗಿದೆ," ಎಂದರು ಅಪ್ಪ, ಚುಕ್ಕಾಣಿಯ ಚಕ್ರ ಬಿಡದೆ.

ಮಾಮಿ ಸೆರಗು ಬೀಸಿ ಕೂಗಿದರು. ಗಂಗಕ್ಕನೂ ಕೂಗಿ ಸೋತು, "ಈ ಗಾಳಿಗೆ ಎಂತ ಕೇಳ್ತದೆ ಮಾರಾಯ್ತಿ" ಎಂದು ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದೆಸಿ ಕೂತರು. ಎರಡೂ ದಡ ಕಣ್ಣಿಗೆ ಕಾಣುತ್ತಿದ್ದವು. ದಡದವರಿಗೂ ನಾವು ಕಂಡಿರಬೇಕು, ಆದರೆ ಮೂರು ಹಾರ್ನ್ ಕೇಳದೆ ಯಾರೂ ದೋಣಿ ಬಿಚ್ಚಲಿಲ್ಲ. ಆಚೆ ಗೂಡಂಗಡಿಯ ಹೊಗೆ ಕಾಣುತ್ತಿತ್ತು, ಉಡುಪಿಯ ಬಸ್ಸು ಬಂದು ನಿಂತು ಹೊರಟದ್ದೂ ಕಾಣುತ್ತಿತ್ತು. ದಿಬ್ಬಕ್ಕೂ ದಡಕ್ಕೂ ನಡುವೆ ಆಳದ ಕಾಲುವೆ, ಇಳಿದು ನಡೆಯುವ ಹಾಗಿಲ್ಲ. ಮಾಮಿ ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ಅದನ್ನು ಬಿಚ್ಚಿ ಚೀಲದೊಳಗೆ ಹಾಕಿದರು. ಕಬ್ಬಿಣ ಕಾಯಿತು. ನನಗೆ ಬಿಸಿಲು ತಾಗದಂತೆ ಅದೇ ನೀಲಿ ಸೆರಗನ್ನು ನನ್ನ ತಲೆಯ ಮೇಲೆ ಹಿಡಿದರು.

ಹತ್ತೂವರೆಗೆ ನೀರು ಏರಿ ಬಾರ್ಜು ತಾನಾಗಿ ಎದ್ದಿತು. ಆಚೆ ದಡದ ಕಡವು ಹತ್ತಿರವಾಯಿತು. ಹಗ್ಗ ಹಿಡಿಯುವವನು ಓಡಿ ಬಂದ. ಆಗ ಅಪ್ಪನ ಕೈ, ಇಷ್ಟು ವರ್ಷ ಮಾಡಿದ ಹಾಗೆಯೇ, ತನ್ನಷ್ಟಕ್ಕೆ ಹೋಗಿ ಒಂದು ಗಿಡ್ಡ ಹಾರ್ನ್ ಒತ್ತಿತು.

ಹಾರ್ನ್ ಚೆನ್ನಾಗಿ ಕೇಳಿಸಿತು. ಮಾಮಿ ತಿರುಗಿ ನೋಡಿದರು. ಅಪ್ಪ ಕೈಯನ್ನು ಸುಟ್ಟುಕೊಂಡವರಂತೆ ಹಿಂದೆ ತೆಗೆದು, ಹೊಳೆಯ ಕಡೆ ಮುಖ ಮಾಡಿದರು. ಗಂಗಕ್ಕ ಇಳಿದು ಹೋದರು. ಮಾಮಿ ಇಳಿಯಲಿಲ್ಲ. ಅದೇ ಬಾರ್ಜಿನಲ್ಲಿ ತಿರುಗಿ ಬಂದು, ಸೀರೆ ಬದಲಿಸಿ, ಮಧ್ಯಾಹ್ನಕ್ಕೆ ಗಂಜಿ ಇಟ್ಟರು. ಮತ್ತೆ ಅರ್ಜಿ ಹಾಕಲಿಲ್ಲ. ಮದುವೆಯ ಮಾತನ್ನು ಯಾರಾದರೂ ಎತ್ತಿದರೆ "ಈ ಹುಡುಗಿ ದೊಡ್ಡದಾಗಲಿ" ಎನ್ನುತ್ತಿದ್ದರು. ನಾನು ದೊಡ್ಡವಳಾಗಿ, ಓದಿ, ಕಾರ್ಕಳಕ್ಕೆ ಮದುವೆಯಾಗಿ ಬಂದೆ. ಅವರು ಅಲ್ಲೇ ಉಳಿದರು, ಅಪ್ಪನಿಗೆ ಹೊತ್ತು ಹೊತ್ತಿಗೆ ಬಡಿಸುತ್ತಾ. ಆ ಬೆಳಗಿನ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಕೊನೆಗೆ ಸೇತುವೆ ಬಂತು. ಬಾರ್ಜಿಗೆ ಮಾಲೆ ಹಾಕಿ ಕೊನೆಯ ಸಲ ದಾಟಿಸುವುದೆಂದು ಊರವರು ಸೇರಿದರು. ನಾನೂ ಹೋಗಿದ್ದೆ. ಅಪ್ಪನ ಬೆನ್ನು ಆಗಲೇ ಬಾಗಿತ್ತು, ಮಾಮಿಯ ತಲೆ ಬೆಳ್ಳಗಾಗಿತ್ತು. ದಡ ಹತ್ತಿರವಾದಾಗ ಎಲ್ಲರೂ "ಹಾರ್ನ್, ಹಾರ್ನ್" ಎಂದು ಬೊಬ್ಬೆ ಹಾಕಿದರು. ಅಪ್ಪ ಒತ್ತಲಿಲ್ಲ. ಮಾಮಿ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಅಪ್ಪನ ಪಕ್ಕದಿಂದ ಕೈ ಚಾಚಿ ಉದ್ದಕ್ಕೆ ಒತ್ತಿದರು. ಬಿಟ್ಟು, ಇನ್ನೊಮ್ಮೆ. ಮತ್ತೆ ಇನ್ನೊಮ್ಮೆ. ಜನ ಚಪ್ಪಾಳೆ ತಟ್ಟಿದರು.

"ದೋಣಿ ಬರ್ತದಾ ನೋಡುವ ಅಣ್ಣ," ಎಂದರು ಮಾಮಿ, ಮೆಲ್ಲಗೆ.

ಅಪ್ಪ ಚಕ್ರದ ಮೇಲೆ ತಲೆಯಿಟ್ಟು ಅತ್ತರು. ಮಾಮಿ ಅವರ ಬೆನ್ನ ಮೇಲೆ ಕೈಯಿಟ್ಟು ಆಚೆ ದಡವನ್ನೇ ನೋಡುತ್ತಿದ್ದರು.

ಈಗ ಇಬ್ಬರೂ ಇಲ್ಲ. ಬಾರ್ಜೂ ಗುಜರಿಗೆ ಹೋಯಿತು. ಸೇತುವೆಯ ಮೇಲೆ ಕಾರು ಒಂದೇ ನಿಮಿಷದಲ್ಲಿ ದಾಟುತ್ತದೆ. ಇಳಿತದ ಹೊತ್ತಾದರೆ ಕೆಳಗೆ ಆ ದಿಬ್ಬ ಬೆನ್ನು ತೋರಿಸಿಕೊಂಡು ಬಿದ್ದಿರುತ್ತದೆ. ಅಂದು ನನಗೆ ಖುಷಿಯಾಗಿತ್ತು ಮಾಮೀ ಎಂದು ಒಂದು ಸಲ ಹೇಳಬೇಕಿತ್ತು. ಪ್ರತಿ ಸಲ ಊರಿಗೆ ಹೋದಾಗಲೂ, ನಾಳೆ ಹೇಳುವ ಎಂದುಕೊಂಡು, ಅವರು ಬಡಿಸಿದ್ದನ್ನು ಉಂಡು ಬಂದೆ.