ಬೆಕ್ಕಿಗಾಗಿ ಹಾಕಿದ ಒಲೆ

ಮುಳುಗಡೆಯ ಊರು ಬಿಟ್ಟು ನಾವೆಲ್ಲ ಬೀಳಗಿ ಕಡೆಯ ಪುನರ್ವಸತಿ ಕೇಂದ್ರಕ್ಕೆ ಬಂದಾಗ ನನಗೆ ನೇಬರ್ ಆಗಿ ಸಿಕ್ಕವಳು ಕುರಿ ಸಾಕುವವರ ಮನೆಯ ಹೆಂಗಸು. ಯಾವ ಪ್ರಾಣಿಯ ಮಾತು ಬಂದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಅದಕೂ ಒಂದು ಮನಸ್ಸೈತ್ರಿ” ಎನ್ನುವುದು ಆಕೆಯ ರೂಢಿ.

ಅವಳ ನಾಯಿ ಟೆಂಪೋ ಇಳಿದ ಕೂಡಲೇ ಹೊಸ ಮನೆಗೆ ಹೊಂದಿಕೊಂಡಿತು. ಬೆಕ್ಕು ಮಾತ್ರ ಹೊಸ್ತಿಲು ದಾಟಲಿಲ್ಲ. ಹೊಳೆಯ ದಿಕ್ಕಿಗೆ ಮುಖ ಮಾಡಿ ಅಂಗಳದಲ್ಲೇ ಕೂತಿತು. ಹಳೆಯ ಮನೆಗೆ ಓಡಿಹೋದೀತು, ಅಲ್ಲೋ ನೀರು ಏರುತ್ತಿತ್ತು. ಆ ಭಯಕ್ಕೆ ಆಕೆಯೂ ಅಂಗಳದಲ್ಲೇ ಹೊರಸಿನ ಮಂಚ ಹಾಕಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಅದನ್ನು ಕಾಯುತ್ತಿದ್ದಳು.

“ಒಳಗ ಹಾಕಿ ಲಾಕ್ ಮಾಡವಾ, ಸೆಟಲ್ ಆಗ್ತೈತಿ,” ಎಂದೆ.

“ಅಯ್ಯ ಬಾಯೀ, ಅದೇನು ಕಳವು ಮಾಡೈತೇನ್ರಿ? ಅದಕೂ ಒಂದು ಮನಸ್ಸೈತ್ರಿ. ಹಳೇ ಮನ್ಯಾಗ ಒಲಿ ಬೂದ್ಯಾಗ ಮಲಗತಿತ್ತು. ಇಲ್ಲಿ ಬರೇ ಗ್ಯಾಸು.”

ಆಕೆ ಹೊಸ ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಒಲೆ ಹಾಕಿಯೇ ಬಿಟ್ಟಳು.

“ಬೆಕ್ಕಿಗೆ ಒಲಿ ಹಾಕಾಕಿ ಊರಾಗ ನೀ ಒಬ್ಬಾಕಿ ನೋಡು!” ಆಕೆಯ ಗಂಡ ನಕ್ಕ.

“ಬೂದಿ ಬೆಕ್ಕಿಗೆ, ರೊಟ್ಟಿ ನಿಮಗ. ಸುಮ್ನ ಕುಂಡ್ರರಿ.”

ರೊಟ್ಟಿ ಮುಗಿಸಿ, ಕೆಂಡ ತೆಗೆದು, ಬೂದಿ ಬೆಚ್ಚಗಿರುವಾಗಲೇ ಬಾಗಿಲು ತೆರೆದಿಟ್ಟಳು. ಬೆಕ್ಕು ಮೂಸುತ್ತ ಒಳಗೆ ಬಂದು, ಪರ್ಫೆಕ್ಟ್ ಲೇಡಿಯಂತೆ ಒಲೆಯಲ್ಲಿ ಸುರುಳಿಯಾಗಿ ಕಣ್ಣು ಮುಚ್ಚಿತು. ಆಕೆ ಸದ್ದಾಗದಂತೆ ಹೊರಸನ್ನು ಒಳಗೆ ತಂದು, ಹಾಡುಹಗಲೇ ಕಾಲು ಚಾಚಿ ಗೊರಕೆ ಹೊಡೆದಳು.