ಅಕ್ಕನಿಗೆ ಕಾಮಾಲೆ ಆಗಿರಲಿಲ್ಲ

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. “ಅಜ್ಜಿ, ನಿಮ್ಮ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಇದ್ದಕ್ಕಿದ್ದಂಗೆ ತೀರ್ಕೊಂಡಿದ್ದಾರಾ?”

“ಇಲ್ಲ ಕಣಪ್ಪ. ನಮ್ ವಂಸದಲ್ಲಿ ಅಂಥಾದ್ದೇನೂ ಇಲ್ಲ” ಎಂದಳು ನಮ್ಮಮ್ಮ. ಕಣ್ಣು ಕೂಡ ಮಿಟುಕಿಸಲಿಲ್ಲ.

ಆ ದನಿಯ ಪರಿಚಯ ನನಗೆ ಚೆನ್ನಾಗಿದೆ. ಹೆಣ್ಣು ನೋಡಲು ಬಂದವರು ಚಕ್ಕಳಮಕ್ಕಳ ಹಾಕಿ ಕೂತು, ಉಪ್ಪಿಟ್ಟು ಕೇಸರಿಬಾತು ಮುಗಿಸಿ, “ಮನೇಲಿ ಕಾಯಿಲೆ ಕಸಾಲೆ ಏನಾದ್ರೂ...” ಎಂದು ರಾಗ ಎಳೆದಾಗ ಅವಳು ಕೊಡುತ್ತಿದ್ದ ಉತ್ತರ ಇದೇ. ಎದುರಿಗಿರುವುದು ಹೃದಯದ ಡಾಕ್ಟರು, ಬೀಗರಲ್ಲ ಅಂತ ಅವಳ ನಾಲಿಗೆಗೆ ಹೊಳೆಯಲೇ ಇಲ್ಲ.

ವಿಷಯ ನನ್ನ ಮಗಳದು. ಇಪ್ಪತ್ತೈದು ವರ್ಷ. ನಿಶ್ಚಿತಾರ್ಥ ಆಗಿ ಎರಡು ತಿಂಗಳು. ಮೊನ್ನೆ ಸಿದ್ಧಾರ್ಥನಗರದ ನಮ್ಮ ಮನೆಯಲ್ಲಿ ಬೆಳಗಿನ ಅಲಾರಂ ಹೊಡೆದುಕೊಂಡಿತು. ಬೆಚ್ಚಿ ಎದ್ದವಳು ಹಾಗೇ ಕುಸಿದಳು. ಇದು ಮೂರನೆಯ ಸಲ. ಮೊದಲೆರಡು ಸಲ ನಾವು ಮಾಡಿದ್ದೇನು? ಕೈಗೆ ಬೀಗದ ಕೈ ಗೊಂಚಲು ತುರುಕಿದ್ದು. (ಕಬ್ಬಿಣ ಹಿಡಿದರೆ ಫಿಟ್ಸ್ ಇಳಿಯುತ್ತದಂತೆ! ನಾನೂ ಡಿಗ್ರಿ ಓದಿದವಳೇ.) ಆಗ ತೋರಿಸಿದ ಬೇರೊಬ್ಬ ಡಾಕ್ಟರು ನಾವು ಹೇಳಿದ್ದನ್ನು ನಂಬಿ ಫಿಟ್ಸ್ ಮಾತ್ರೆ ಬರೆದುಕೊಟ್ಟರು. ಒಂದು ವರ್ಷ ನುಂಗಿದಳು, ಪಾಪ. ಆಗಲೂ ನಾನು ಅಕ್ಕನ ಸುದ್ದಿ ಎತ್ತಿರಲಿಲ್ಲ.

ಹೌದು, ನನಗೊಬ್ಬಳು ಅಕ್ಕ ಇದ್ದಳು. ಹತ್ತೊಂಬತ್ತಕ್ಕೆ ಹೋದಳು. ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಎದುರು ಮನೆಯ ಮದುವೆಯವರು ಗರ್ನಾಲು ಪಟಾಕಿ ಹೊಡೆದರು. ಬೆಚ್ಚಿ ಬಿದ್ದವಳು ಏಳಲಿಲ್ಲ. ಮುಂಚೆಯೂ ಒಂದೆರಡು ಸಲ ಹಾಗೆ ಬಿದ್ದಿದ್ದಳು, ತಾಯತ ಕಟ್ಟಿಸಿದ್ದರು. ಊರಿಗೆಲ್ಲ ಹೇಳಿದ್ದು ಮಾತ್ರ ಕಾಮಾಲೆ ಅಂತ. ಯಾಕೆ? ಮುಂದಿನ ಸರದಿ ನನ್ನದಲ್ಲವೇ! ಬೀಳುವ ಕಾಯಿಲೆಯ ಮನೆಯಿಂದ ಯಾರು ಹೆಣ್ಣು ತರುತ್ತಾರೆ? ಆ ಕಾಮಾಲೆಯ ದಯೆಯಿಂದ ನನ್ನ ಮದುವೆ ಆಯಿತು.

“ನನ್ನ ಅಕ್ಕ ಇದ್ಲು ಡಾಕ್ಟ್ರೇ” ಎಂದೆ. ಅಮ್ಮ ನನ್ನ ತೊಡೆ ಚಿವುಟಿದಳು. ನಾನು ನಿಲ್ಲಿಸದೆ ಎಲ್ಲ ಹೇಳಿದೆ. ಪಕ್ಕದಲ್ಲಿದ್ದ ನನ್ನ ಗಂಡನಿಗೂ ನಿಜ ಗೊತ್ತಾದದ್ದು ಆಗಲೇ. ಎದ್ದು ಹೊರಗೆ ಹೋಗಿ ನಿಂತರು.

“ಮೊದ್ಲೇ ಹೇಳಿದ್ರೆ ಒಂದು ವರ್ಷ ವೇಸ್ಟ್ ಆಗ್ತಿರ್ಲಿಲ್ಲ ಮೇಡಂ” ಎಂದರು ಡಾಕ್ಟರು. ಆಮೇಲೆ ಬಿಡಿಸಿ ಹೇಳಿದರು. ನನಗೆ ತಿಳಿದಷ್ಟು ನಿಮಗೆ ಹೇಳುತ್ತೇನೆ.

ಹೃದಯದ ಒಂದೊಂದು ಜೀವಕೋಶದ ಗೋಡೆಯಲ್ಲೂ ಪುಟ್ಟ ಪುಟ್ಟ ಬಾಗಿಲುಗಳಿವೆ. ಪ್ರತಿ ಬಡಿತದ ಕೊನೆಗೆ ಅಲ್ಲಿಂದ ಪೊಟ್ಯಾಸಿಯಂ ಹೊರಗೆ ಹೋದರೇನೇ ಹೃದಯ ಮುಂದಿನ ಬಡಿತಕ್ಕೆ ಸಿದ್ಧ. ಬಾಗಿಲು ಪ್ರೋಟೀನಿನದು. ಕೋಶದೊಳಗೆ ಉದ್ದನೆಯ ದಾರದಂತೆ ಹುಟ್ಟಿ, ಸರಿಯಾಗಿ ಮಡಿಚಿಕೊಂಡು, ಅಂಥ ನಾಲ್ಕು ತುಂಡು ಕೂಡಿದರೆ ಒಂದು ಬಾಗಿಲು. ಒಳಗೇ ತಪಾಸಣೆಯೂ ಉಂಟು! ಮಡಿಕೆ ಸೊಟ್ಟಗಿದ್ದರೆ ಕೋಶ ಅದನ್ನು ಗೋಡೆಯವರೆಗೆ ಬಿಡುವುದಿಲ್ಲ. ಅಲ್ಲೇ ತಡೆದು ಚೂರು ಮಾಡಿಬಿಡುತ್ತದೆ. ಒಂದು ಸೊಟ್ಟ ತುಂಡು ಸೇರಿಕೊಂಡರೆ ಎಷ್ಟೋ ಸಲ ಉಳಿದ ಮೂರಕ್ಕೂ ಅದೇ ಗತಿ. ಹೀಗೆ ಬಾಗಿಲು ಕಡಿಮೆಯಾದ ಹೃದಯದ ತಾಳ ತಪ್ಪಲು ಹಠಾತ್ ಶಬ್ದವೊಂದು ಸಾಕಂತೆ.

“ಇನ್ನೊಂದು ತಮಾಷೆ ಇದೆ ಮೇಡಂ” ಎಂದರು. ಕೆಲವು ತುಂಡುಗಳು ತುಸು ಸೊಟ್ಟಗಿದ್ದರೂ ಗೋಡೆ ತಲುಪಿದರೆ ಕೆಲಸ ಮಾಡಬಲ್ಲವಂತೆ. ಆದರೂ ತಪಾಸಣೆಯಲ್ಲಿ ಪಾಸಾಗುವುದಿಲ್ಲ. ನನಗೆ ತಮಾಷೆ ಅನ್ನಿಸಲಿಲ್ಲ. ಹೆಣ್ಣು ನೋಡಲು ಬರುವವರೆಲ್ಲ ನೆನಪಾಗಿ ಹೊಟ್ಟೆ ಉರಿಯಿತು.

ನನಗೂ ಇಸಿಜಿ ತೆಗೆದರು, ಮಗಳದರಲ್ಲಿದ್ದ ದೋಷವೇ ಅದರಲ್ಲೂ ಕಂಡಿತು. ಅಂದರೆ ಮಗಳಿಗೆ ಇದನ್ನು ಕೊಟ್ಟವಳು ನಾನೇ. ಈಗ ಅವಳಿಗೆ ಬೇರೆ ಮಾತ್ರೆ, ಜೀವನಪೂರ್ತಿ. ಮನೆಯಲ್ಲಿ ಅಲಾರಂ ಇಲ್ಲ, ಕಾಲಿಂಗ್ ಬೆಲ್ಲಿನ ವೈರ್ ಕಿತ್ತಾಯಿತು. ಮಾತ್ರೆ ತಪ್ಪಿಸದಿದ್ದರೆ ಎಲ್ಲರಂತೆ ಬದುಕಬಹುದು ಎಂದಿದ್ದಾರೆ. ನಂಬಿದ್ದೇನೆ. ಆದರೂ ದಿನಾ ಬೆಳಿಗ್ಗೆ ಅವಳ ರೂಮಿಗೆ ಕಾಲಿಡುವಾಗ ಭಯವಾಗುತ್ತದೆ.

ಆವತ್ತು ಆಸ್ಪತ್ರೆಯಿಂದ ಮನೆಗೆ ಬಂದು ಅಮ್ಮನ ಮೇಲೆ ರೇಗಿದೆ. “ಡಾಕ್ಟ್ರ ಹತ್ರಾನೂ ಸುಳ್ಳಾ?”

“ನಿನ್ ಮದ್ವೆ ಆಗ್ಬೇಕಿತ್ತಲ್ಲ ಕಣವ್ವ, ಅದ್ಕೇ ಅಂಗೆ ಏಳ್ದೆ. ಆಮ್ಯಾಕೆ ಅದೇ ಬಾಯಿಗೆ ಬಂದ್ಬುಡ್ತದೆ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿಮ್ಮಕ್ಕನ ಎಸ್ರು ಏಳಿ ಎಷ್ಟ್ ವರ್ಸ ಆಗೋಯ್ತು!”

ಮಾರನೆಯ ದಿನ ಹುಡುಗನ ತಾಯಿ ಫೋನ್ ಮಾಡಿದರು. ಸೀರೆ ತೆಗೆಯಲು ದೇವರಾಜ ಮೊಹಲ್ಲಾ ಕಡೆ ಯಾವತ್ತು ಹೋಗೋಣ ಅಂತ ಕೇಳಲು. ಮಾತು ಮುಗಿಸುವಾಗ, “ಎಲ್ರೂ ಚೆನ್ನಾಗಿದ್ದೀರಾ?” ಎಂದರು.

“ಓ, ಎಲ್ರೂ ಚೆನ್ನಾಗಿದ್ದೀವಿ ಕಣ್ರೀ” ಎಂದುಬಿಟ್ಟೆ.

ಮಗಳು ಅಲ್ಲೇ ಕೂತಿದ್ದಳು. “ನೀನು ಹೇಳ್ತೀಯೋ, ನಾನು ಹೇಳ್ಲೋ?” ಎಂದಳು.

“ನನ್ಗೆ ಬಾಯಿ ಬರಲ್ಲ ಕಣೇ.”

“ವಾರ ವಾರ ಪೇಪರಲ್ಲಿ ಊರಿಗೆಲ್ಲ ಬುದ್ಧಿ ಹೇಳಿ ಬರೀತೀಯಲ್ಲ, ಇದನ್ನೂ ಬರಿ. ಮುರಿದ್ರೆ ಮುರೀಲಿ.”

ಬರೆದಿದ್ದೇನೆ. ಬೀಗರ ಮನೆಗೂ ಇದೇ ಪತ್ರಿಕೆ ಬರುತ್ತದೆ.