ಎರಡೂ ಸಲ ಎತ್ತಿದ ಕೈ

ಆ ಚುನಾವಣೆ ಕೆಟ್ಟದ್ದು ನನ್ನಿಂದಲೇ ಎಂದರೆ ಜಂಭವಾದೀತು. ಆದರೆ ಸಿಕ್ಕಿಬಿದ್ದ ಮೊದಲ ಪೆದ್ದ ನಾನೇ. ನಿಂತಿದ್ದವರು ಇಬ್ಬರು, ನಾನು ಇಬ್ಬರಿಗೂ ಕೈ ಎತ್ತಿದೆ. ಅದೂ ಒಂದೇ ಕೈಯನ್ನು, ಒಂದೇ ಸಭೆಯಲ್ಲಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಲಂಡನ್ನಿನ ಸೌತ್‌ಹಾಲ್‌ನಿಂದ ಬಸ್ಸಿನಲ್ಲಿ ಸ್ವಲ್ಪ ದೂರ, ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ದೊಡ್ಡ ಅಡುಗೆಮನೆಯಲ್ಲಿ ನನಗೆ ಕೆಲಸ. ಕೆಲಸವೆಂದರೆ ಪ್ರತಿ ತಟ್ಟೆಯ ಮೂಲೆಯಲ್ಲಿ ಒಂದು ಬೆಣ್ಣೆ ಪೊಟ್ಟಣ ಇಡುವುದು. ಬಾಯಿ ಖಾಲಿ ಇರುತ್ತಿತ್ತಲ್ಲ, ಎಲ್ಲರನ್ನೂ ಅಣಕಿಸುತ್ತಿದ್ದೆ. ಮ್ಯಾನೇಜರ್ ಮೂಗಿನಿಂದ 'ಗುಡ್ ಮಾರ್ನಿಂಗ್' ಎನ್ನುವುದು, ಪಂಜಾಬಿ ಆಂಟಿಯರು ಒಬ್ಬರನ್ನೊಬ್ಬರು ಬೈದುಕೊಂಡೇ ಹೊಗಳುವುದು. ಯಾರೂ ಸಿಗದಿದ್ದರೆ ನನ್ನನ್ನೇ: ಊರಿಂದ ಬಂದಿಳಿದ ದಿನ ಹೀಥ್ರೂ ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ಕೌಂಟರಿನಲ್ಲಿ, ಏನೂ ಕೇಳುವ ಮೊದಲೇ 'ಯೆಸ್ ಸರ್, ಸಾರಿ ಸರ್' ಅಂದ ಆ ದನಿ.

ಈ ಕೆಲಸ ಕೊಡಿಸಿದವರು ನಮ್ಮ ಯೂನಿಯನ್ ಶಾಖೆಯ ಕಾರ್ಯದರ್ಶಿ. ಕುಂದಾಪುರದವರು, ಎಲ್ಲರಿಗೂ ಅಣ್ಣಯ್ಯ. ಪಂಜಾಬಿ ಆಂಟಿಯರಿಗೆ 'ಅಣ್ಣಯ್ಯಾಜೀ'. ಒಬ್ಬರ ವೀಸಾ ಅರ್ಜಿ ತುಂಬಿಸಿದ್ದು ಅವರು, ಇನ್ನೊಬ್ಬರ ಕೂಸಿಗೆ ಡಾಕ್ಟರನ್ನು ಹುಡುಕಿಕೊಟ್ಟದ್ದು ಅವರು. ಹಾಗಾಗಿ ನಮ್ಮಲ್ಲಿ ಚುನಾವಣೆ ಎಂದರೆ, ಅಣ್ಣಯ್ಯ ಗಂಟಲು ಸರಿಮಾಡಿಕೊಂಡು "ಯಾರಾರೂ ನಿಲ್ಲುವವ್ರ್ ಇದ್ರಾ?" ಎಂದು ಕೇಳುವುದು, ನಾವೆಲ್ಲ ಸಮೋಸಾ ಕಡೆಗೆ ನೋಡುವುದು. ಪ್ರಜಾಪ್ರಭುತ್ವ ಅಲ್ಲಿಗೆ ಮುಗಿಯುತ್ತಿತ್ತು.

ಆ ವರ್ಷ ಮಾತ್ರ ಕಂಪನಿ ನಸುಕಿನ ಪಾಳಿಯವರನ್ನು ಕರೆತರುವ ವ್ಯಾನ್ ನಿಲ್ಲಿಸಿಬಿಟ್ಟಿತು. ತಟ್ಟೆ ತೊಳೆಯುವ ಹೆಂಗಸರು ಬಸ್ಸು ಶುರುವಾಗುವ ಮೊದಲೇ ಕೆಲಸದಲ್ಲಿರಬೇಕು. ಇನ್ನು ನಡೆದೇ ಬರಬೇಕು. ಅಣ್ಣಯ್ಯ ಮ್ಯಾನೇಜರ್ ಜೊತೆ ಚಹಾ ಕುಡಿದು ಬಂದು, "ಕಾಂಬ, ಮಾತಾಡ್ತೆ" ಎಂದರು. ಕಾಂಬ ಎಂದರೆ ಅವರ ಕಡೆ ನೋಡೋಣ ಎಂದು. ಕಾಣುತ್ತ ಕಾಣುತ್ತ ಚಳಿಗಾಲ ಬಂತು. ಹೀಗೆ ನಡೆದು ಬರುವವರಲ್ಲಿ ಅವರ ಹೆಂಡತಿಯೂ ಒಬ್ಬರು. ನಮ್ಮ ಅತ್ತಿಗೆ. ಅಣ್ಣಯ್ಯನ ಪಾಳಿ ಹೊತ್ತೇರಿದ ಮೇಲೆ.

ಅವರಿಗೆ ಎದುರಾಗಿ ನಿಂತವರು ಹುಬ್ಬಳ್ಳಿ ಕಡೆಯ ಒಬ್ಬರು ಲಾರಿ ಚಾಲಕರು, ಊಟದ ಟ್ರಾಲಿಗಳನ್ನು ವಿಮಾನದ ಬಾಗಿಲಿಗೆ ಮುಟ್ಟಿಸುವವರು. ವ್ಯಾನ್ ವಾಪಸ್ ತರಿಸುತ್ತೇನೆ ಎಂದರು. ಜೊತೆಗೆ, ಈ ಸಲ ಕೈ ಎತ್ತುವುದು ಬೇಡ, ಗುಟ್ಟಾಗಿ ಚೀಟಿ ಹಾಕೋಣ ಎಂದರು. ಕ್ಯಾಂಟೀನಿನಲ್ಲಿ ಇಬ್ಬರಿಗೂ ಎದುರುಬದುರೇ ಆಯಿತು.

"ಗುಟ್ಟ್ ಎಂತಕ್ಕೆ ಮಾರಾಯ್ರೇ? ನಾವೆಲ್ಲ ಒಂದೇ ಮನೆಯವ್ರ್ ಅಲ್ದಾ?" ಎಂದರು ಅಣ್ಣಯ್ಯ.

"ಮನಿ ಅಂತೀರಿ, ಖರೆ ಅದ. ಮನಿಯಾಗೂ ಬಚ್ಚಲಕ್ಕ ಬಾಗ್ಲಾ ಇರ್ತದಲ್ರೀ!"

ಅಣ್ಣಯ್ಯನಿಗೆ ಗೊತ್ತಿತ್ತು: ಎದುರಿಗೆ ಕೂತವರಿಗೆ ಇಲ್ಲ ಎನ್ನಲು ನಮ್ಮಲ್ಲಿ ಯಾರಿಗೂ ಬಾಯಿ ಬಾರದು. ಕೈ ಎತ್ತುವುದೇ ಎಂದು ಅವರು ಹಟ ಹಿಡಿದರು, ಹಾಗೆಯೇ ಆಯಿತು. ದಾಕ್ಷಿಣ್ಯಕ್ಕೆ ಇನ್ನೊಂದು ಮಗ್ಗುಲಿದೆ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಅಲ್ಲಿಂದ ನನಗೆ ಸುಗ್ಗಿ. ಮಧ್ಯಾಹ್ನ ಅಣ್ಣಯ್ಯನ ಬಣದ ಮೇಜಿನಲ್ಲಿ ಕೂತು, ಹುಬ್ಬಳ್ಳಿಯವರು ಮೇಜು ಗುದ್ದಿ "ಏನ್ ಹೇಳ್ತೀನ್ರೀ..." ಎನ್ನುವುದನ್ನು ಮಾಡಿ ತೋರಿಸುತ್ತಿದ್ದೆ, ಒಂದು ವಡೆ ಸಿಗುತ್ತಿತ್ತು. ಸಂಜೆ ಲಾರಿಗಳ ಹತ್ತಿರ ಹೋಗಿ, ಅಣ್ಣಯ್ಯ ಗಂಟಲು ಸರಿಮಾಡಿ "ಕಾಂಬ" ಎನ್ನುವುದನ್ನು ಮಾಡುತ್ತಿದ್ದೆ, ಸಿಗರೇಟು ಸಿಗುತ್ತಿತ್ತು. ಎರಡೂ ಬಣದವರಿಗೆ ನಾನು ತಮ್ಮ ಕಡೆಯವನೆಂಬ ನಂಬಿಕೆ. "ಮಾಣಿ, ನಿನ್ ಕೈ ನಮ್ಗೇ ಅಲ್ದಾ?" "ತಮ್ಮಾ, ನಮಗ ಎತ್ತಾಂವ ಹೌದಲ್ಲೊ?" ಇಬ್ಬರಿಗೂ ಹೂಂ ಅಂದಿದ್ದೆ, ಅವರವರ ದನಿಯಲ್ಲೇ. ನಾನೊಬ್ಬನೇ ಮಹಾ ಚಾಣಾಕ್ಷ ಎಂದುಕೊಂಡಿದ್ದೆ. ಇಡೀ ಅಡುಗೆಮನೆ ನನ್ನ ಹಾಗೆಯೇ ಹೂಂಗುಟ್ಟಿ ಕೂತಿತ್ತು ಎಂದು ಯಾರಿಗೆ ಗೊತ್ತು?

ಸಭೆ ಭಾನುವಾರ ಮಧ್ಯಾಹ್ನ, ಅದೇ ಕ್ಯಾಂಟೀನಿನಲ್ಲಿ. ಕೈ ಎಣಿಸಲು ಯೂನಿಯನ್ನಿನ ಪ್ರಾದೇಶಿಕ ಕಚೇರಿಯಿಂದ ಒಬ್ಬ ಇಂಗ್ಲಿಷ್ ಅಧಿಕಾರಿ ಬಂದಿದ್ದರು. ತೆಳ್ಳಗೆ, ಸಭ್ಯರು. ಅಣ್ಣಯ್ಯ ಮುಂದಿನ ಸಾಲಿನಲ್ಲಿ, ಆದರೆ ನಮ್ಮ ಕಡೆಗೆ ಮುಖ ಮಾಡಿ ಕುರ್ಚಿ ಹಾಕಿಸಿಕೊಂಡು ಕೂತರು. ಹುಬ್ಬಳ್ಳಿಯವರೂ ಬಿಡಲಿಲ್ಲ, ಪಕ್ಕದಲ್ಲೇ ಹಾಕಿಸಿಕೊಂಡರು. ಮದುವೆ ಮಂಟಪದಲ್ಲಿ ಇಬ್ಬರು ವರರು ಕೂತ ಹಾಗಿತ್ತು.

ಅಣ್ಣಯ್ಯನಿಗೆ ಎಂದಾಗ ಕೈಗಳ ಕಾಡು ಎದ್ದಿತು. ಅವರ ಕಣ್ಣು ತುಂಬಿತು. ಹುಬ್ಬಳ್ಳಿಯವರಿಗೆ ಎಂದಾಗ ಅದೇ ಕಾಡು ಮತ್ತೆ ಎದ್ದಿತು. ಆಗ ಅಣ್ಣಯ್ಯ ಕಣ್ಣು ಒರೆಸಿಕೊಳ್ಳುತ್ತಿದ್ದರು, ನಮ್ಮ ಪುಣ್ಯ. ಅಧಿಕಾರಿ ಎಣಿಸಿದರು. ಬಾಗಿಲು ಹಾಕಿಸಿ ತಲೆಗಳನ್ನೂ ಎಣಿಸಿದರು. ತಲೆಗಿಂತ ಕೈ ಎಷ್ಟೋ ಹೆಚ್ಚು. ಅವರು ಬಹಳ ಮೃದುವಾಗಿ, ಎರಡೂ ಸಲ ಕೈ ಎತ್ತಿದವರು ದಯವಿಟ್ಟು ಈಗೊಮ್ಮೆ ಕೈ ಎತ್ತಿ ಎಂದು ಕೇಳಿಕೊಂಡರು.

ಒಂದು ಕೈಯೂ ಏಳಲಿಲ್ಲ. ಆಂಟಿಯರು ಚಾವಣಿ ನೋಡಿದರು. ನನ್ನ ಕೈ ಮಾತ್ರ, ಅಷ್ಟು ಹೊತ್ತಿಗೆ ರೂಢಿಯಾಗಿಬಿಟ್ಟಿತ್ತೋ ಏನೋ, ತಾನಾಗಿ ಮೇಲೆ ಹೋಯಿತು. ಇಡೀ ಕ್ಯಾಂಟೀನು ನಕ್ಕಿತು. ನಾನು ಕೈಯನ್ನು ಕೂದಲು ಸರಿಮಾಡಿಕೊಳ್ಳಲು ಎತ್ತಿದ ಹಾಗೆ ನಟಿಸಿದೆ. ನನ್ನ ಜೀವಮಾನದ ಅತ್ಯಂತ ಕೆಟ್ಟ ನಟನೆ ಅದು. ನಗು ಇಳಿಯುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ ಎದ್ದಿತು. ತೊಳೆಯುವ ಸೋಪಿಗೆ ಬೆರಳು ಬೆಳ್ಳಗಾಗಿದ್ದ ಕೈ. ಅದರಲ್ಲಿ ನಾಚಿಕೆಯೂ ಇರಲಿಲ್ಲ, ಅವಸರವೂ ಇರಲಿಲ್ಲ. ಅತ್ತಿಗೆ.

ಅಧಿಕಾರಿ ಚೀಟಿ ಮಾಡಲು ಕಾಗದ ಕೇಳಿದ್ದರು. ಅದನ್ನು ಹರಿಯುವ ಕೆಲಸವೇ ಬೀಳಲಿಲ್ಲ. ಅಣ್ಣಯ್ಯ ಆ ಸಭೆಯಲ್ಲೇ ಹಿಂದೆ ಸರಿದರು, ಮತ್ತೆಂದೂ ನಿಲ್ಲಲಿಲ್ಲ. ಅವರನ್ನು ಸೋಲಿಸಿದ್ದು ನಮ್ಮ ಕೈಗಳಲ್ಲ, ಒಂದು ಉತ್ತರ. ಅತ್ತಿಗೆಯ ಕೈ ಕಂಡೊಡನೆ ಕುರ್ಚಿಯಿಂದ ಅರ್ಧ ಎದ್ದು, ಗಂಟಲು ಸರಿಮಾಡಿಕೊಳ್ಳುವುದನ್ನೂ ಮರೆತು ಅವರು ಕೇಳಿದ್ದರು: "ನೀನೂ ಎರಡ್ ಸಲ ಎತ್ತಿದ್ಯಾ?"

ಅತ್ತಿಗೆ ಕೈ ಇಳಿಸದೆಯೇ ಹೇಳಿದರು: "ಹ್ವಾಯ್, ನಿಮ್ಗೆ ಎತ್ತಿದ್ದ್ ನೀವ್ ನನ್ ಗಂಡ ಅಂದ್ಹೇಳಿ. ಅವ್ರಿಗೆ ಎತ್ತಿದ್ದ್ ನಂಗ್ ವ್ಯಾನ್ ಬೇಕ್ ಅಂದ್ಹೇಳಿ."